ಹಳೆಯ ಹರಿಗೋಲನ್ನು ಕೊಳ್ಳುವವರಿಗೆ

ಕಾವೇರಿಯನ್ನು ತೆಂಕಣಕ್ಕೂ ಹೇಮಾವತಿಯನ್ನು ಬಡಗಣಕ್ಕೂ ಇರಿಸಿಕೊಂಡು, ಎರಡು ಹೊಳೆಗಳ ನಡುವೆ ಹೊಲ ಗದ್ದೆ ತೋಟಗಳನ್ನು ಹರಡಿಕೊಂಡಿರುವ ಅರಕಲಗೂಡು ಸೀಮೆಯಲ್ಲಿ, ಗಾಳವನ್ನೋ ಬಲೆಯನ್ನೋ ಹಿಡಿದು ನೀರಿಗಿಳಿಯುವ ಅಭ್ಯಾಸವುಳ್ಳವನಿಗೆ ಎಂದಾದರೊಮ್ಮೆ ಸ್ವಂತದ ಹರಿಗೋಲೊಂದು ಇರಬೇಕೆನ್ನಿಸುವುದು ಸ್ವಾಭಾವಿಕವಾದುದು. ದಡದಲ್ಲಿ ನಿಂತವನಿಗೆ ದೊರೆಯುವುದು ದಡದ ಮೀನು ಮಾತ್ರ. ನಡುಹೊಳೆಯ ಮಡುವಿನ ಮೇಲೆ ನಿಂತು ಬಲೆ ಬಿಡುವ ಸೌಕರ್ಯ ಬೇಕೆಂದರೆ ತೇಲುವ ಸಾಧನವೊಂದು ಬೇಕೇ ಬೇಕು. ಹೊಸದನ್ನು ಹೆಣೆಸುವವರು ವಿರಳರಾಗಿ, ಹೆಣೆಯಬಲ್ಲವರು ಅದಕ್ಕಿಂತಲೂ ವಿರಳರಾಗಿರುವ ಈ ಕಾಲದಲ್ಲಿ, ಇಂತಹ ಆಸೆ ಹೊತ್ತವನು ಕೊನೆಗೆ ಬಂದು ನಿಲ್ಲುವುದು ಯಾರೋ ಒಬ್ಬರ ಹಿತ್ತಿಲಲ್ಲಿ ಬೋರಲು ಹಾಕಿರುವ ಹಳೆಯ ಹರಿಗೋಲಿನ ಮುಂದೆಯೇ. ಅಲ್ಲಿ ನಿಂತು ಅವನು ಏನನ್ನು ನೋಡಬೇಕು, ಏನನ್ನು ಕೇಳಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಈ ವಾರದ ಉದ್ದೇಶ.

ಈಚೆಗೆ ನಮ್ಮ ಕಡೆಯ ಮನೆಗಳಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ತರುಣರು ರಜೆಯಲ್ಲಿ ಊರಿಗೆ ಬಂದಾಗ, ಅಲ್ಲಿಯ ನದಿಗಳಲ್ಲಿ ಮೀನು ಹಿಡಿಯುವವರು ಬಳಸುವ ಅಲ್ಯೂಮಿನಿಯಂ ದೋಣಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಇಂಥದೊಂದು ನಮ್ಮ ಕಾವೇರಿಗೆ ಏಕಾಗಬಾರದೆಂದು ಕೇಳುವುದುಂಟು. ಹೇಮಾವತಿಯ ದಡದವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಆ ದೇಶವನ್ನು ಸುತ್ತಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು; ಅಲ್ಲಿಯ ವಸ್ತುವನ್ನು ಇಲ್ಲಿಯ ನೀರಿನ ಪಕ್ಕದಲ್ಲಿಟ್ಟು ನೋಡುವ ಹವ್ಯಾಸ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಆದುದರಿಂದ ಆ ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ಮೊದಲು ಅದನ್ನೇ ವಿಚಾರಿಸುವುದು ಯುಕ್ತವೆಂದು ತೋರುತ್ತದೆ.

ಆರೆಗನ್ ಸಂಸ್ಥಾನದ ಮೆಕೆಂಜಿ, ರೋಗ್ ಮುಂತಾದ ನದಿಗಳು ಬೆಟ್ಟದಿಂದ ಇಳಿಯುವ, ಬಂಡೆಗಳಿಂದ ತುಂಬಿದ, ವೇಗಶಾಲಿಯಾದ ನದಿಗಳು. ಅಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ರೂಪುಗೊಂಡ ಈ ದೋಣಿಗೆ ತಳ ಚಪ್ಪಟೆ, ಎರಡು ತುದಿಗಳೂ ಮೇಲಕ್ಕೆ ಬಾಗಿದವು. ಮೊದಲು ಮರದಲ್ಲಿ ಮಾಡುತ್ತಿದ್ದುದನ್ನು ಅನಂತರ ಅಲ್ಯೂಮಿನಿಯಂ ತಗಡಿನಲ್ಲಿ ಬೆಸೆದು ಮಾಡತೊಡಗಿದರು. ಅದರ ಚಾತುರ್ಯವಿರುವುದು ಹುಟ್ಟು ಹಾಕುವ ಕ್ರಮದಲ್ಲಿ. ಸಾಮಾನ್ಯ ದೋಣಿಯಲ್ಲಿ ಹುಟ್ಟು ಹಾಕುವವನು ಹೋಗಬೇಕಾದ ದಿಕ್ಕಿಗೆ ಬೆನ್ನು ಮಾಡಿ ಕುಳಿತರೆ, ಇಲ್ಲಿ ಅವನು ಪ್ರವಾಹ ಹೋಗುವ ದಿಕ್ಕಿಗೇ ಮುಖ ಮಾಡಿ ಕುಳಿತು, ಪ್ರವಾಹಕ್ಕೆ ವಿರುದ್ಧವಾಗಿ ಹುಟ್ಟನ್ನೆಳೆದು, ದೋಣಿಯನ್ನು ನೀರಿಗಿಂತ ನಿಧಾನವಾಗಿ ಸಾಗುವಂತೆ ತಡೆದು ಹಿಡಿಯುತ್ತಾನೆ. ಆ ನಿಧಾನದಲ್ಲಿ ಮುಂದೆ ಕುಳಿತವನಿಗೆ ಗಾಳ ಬೀಸುವ ಅವಕಾಶ ಸಿಕ್ಕುತ್ತದೆ. ಆದರೆ ಅಂತಹ ದೋಣಿಗೆ ಒಂದು ಊರಿನಲ್ಲಿ ನೀರಿಗಿಳಿಸಿ ಎಷ್ಟೋ ಮೈಲಿಗಳ ಕೆಳಗೆ ಇನ್ನೊಂದು ಊರಿನಲ್ಲಿ ಮೇಲೆತ್ತುವಷ್ಟು ನಿರಾತಂಕವಾದ ಹೊಳೆಯೂ, ಎರಡು ಕಡೆಗಳಲ್ಲಿಯೂ ನೀರಿನವರೆಗೆ ಗಾಡಿಯಿಳಿಯುವ ರಸ್ತೆಯೂ ಬೇಕು. ನಮ್ಮ ಕಾವೇರಿ ಕೊಡಗಿನ ಶಿರಂಗಾಲವನ್ನು ಬಿಟ್ಟು ಕೊಣನೂರಿನ ಕಡೆಗೆ ಬಂದೊಡನೆಯೇ ಕಟ್ಟೇಪುರದ ಅಣೆಕಟ್ಟೆ ಅಡ್ಡ ಬರುತ್ತದೆ. ಅದನ್ನು ದಾಟಿದರೆ ರಾಮನಾಥಪುರದ ಬಂಡೆಗಳೂ ದೇವರ ಮೀನುಗಳೂ ಇವೆ. ಇನ್ನೂ ಮುಂದೆ ಹೋದರೆ ಚುಂಚನಕಟ್ಟೆಯ ಜಲಪಾತ. ಬೇಸಿಗೆಯಲ್ಲಿ ಹೊಳೆ ಮಡುಮಡುವಾಗಿ ತುಂಡಾಗುತ್ತದೆ, ಮಳೆಗಾಲದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಹದಿನಾಲ್ಕು ಹದಿನೈದು ಅಡಿ ಉದ್ದದ ತಗಡಿನ ದೋಣಿಯನ್ನು ಇಂತಹ ಹೊಳೆಯಲ್ಲಿ ಮಡುವಿನಿಂದ ಮಡುವಿಗೆ ಹೊತ್ತುಕೊಂಡು ಹೋಗುವವರಾರು?

ಹೀಗೆಂದ ಮಾತ್ರಕ್ಕೆ ಆ ದೋಣಿಯ ಕೊಳ್ಳುಗರಿಂದ ನಾವು ಕಲಿಯತಕ್ಕುದೇನೂ ಇಲ್ಲವೆಂದು ಭಾವಿಸಬೇಕಾಗಿಲ್ಲ. ಅಲ್ಯೂಮಿನಿಯಂ ಲೋಹವು ಗಾಳಿ ಸೋಕಿದೊಡನೆಯೇ ತನ್ನ ಮೈಮೇಲೆ ತೆಳುವಾದ ಆಕ್ಸೈಡಿನ ಪದರವೊಂದನ್ನು ಕಟ್ಟಿಕೊಳ್ಳುವುದರಿಂದ ಸಿಹಿನೀರಿನಲ್ಲಿ ಬೇಗನೆ ಸವೆಯುವುದಿಲ್ಲ. ಅದು ಸೋಲುವುದು ಬೆಸುಗೆಯ ಗೆರೆಗಳಲ್ಲಿ, ಬಂಡೆಗೆ ತಗುಲಿ ತಗುಲಿ ಬಳಲಿದ ತಳದ ಮೂಲೆಗಳಲ್ಲಿ. ಆದುದರಿಂದ ಅಲ್ಲಿಯ ಅನುಭವಸ್ಥರು ಹಳೆಯ ದೋಣಿಯನ್ನು ಕೊಳ್ಳುವಾಗ ಹೊರಮೈಯ ಗೀರುಗಳನ್ನು ಎಣಿಸುತ್ತ ನಿಲ್ಲುವುದಿಲ್ಲ; ನೆಲದ ಮೇಲಿರುವಾಗಲೇ ಒಳಗೆ ನೀರು ತುಂಬಿ, ಹೊರಗೆ ಎಲ್ಲಿ ಹನಿ ಮೂಡುತ್ತದೆಂದು ನೋಡುತ್ತಾರೆ. ಹೊರಮೈಯ ಗೀರು ದೋಣಿ ದುಡಿದುದಕ್ಕೆ ಸಾಕ್ಷಿಯಾದೀತು, ಅಷ್ಟೆ. ಅದರ ಆಯುಸ್ಸು ಕೀಲುಗಳಲ್ಲಿದೆ. ಲೋಹದ ದೋಣಿಗೂ ಬಿದಿರಿನ ಹರಿಗೋಲಿಗೂ ಈ ವಿಷಯದಲ್ಲಿ ಭೇದವಿಲ್ಲ.

ಹರಿಗೋಲು ಬಡವರ ಬುಟ್ಟಿಯೆಂದು ಕೀಳಾಗಿ ನೋಡುವವರು ಅದರ ಪೂರ್ವೋತ್ತರವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ಜನರು ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ಚರ್ಮದ ಹೊದಿಕೆಯೂ ಉಳ್ಳ ದೋಣಿಗಳಲ್ಲಿ ದಾಟುತ್ತಿದ್ದುದನ್ನೂ, ಅವು ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕನಾದವನು, ತನ್ನ ಸೈನ್ಯವನ್ನು ತುಂಬಿದ ಹೊಳೆಗಳಾಚೆಗೆ ಸಾಗಿಸಲು ಇದೇ ಬುಟ್ಟಿದೋಣಿಗಳನ್ನು ನೆಚ್ಚಿಕೊಂಡಿದ್ದನು. ಮದರಾಸು ಪ್ರಾಂತದ ಮೀನುಗಾರಿಕೆಯ ಇಲಾಖೆಯನ್ನು ನಡೆಸಿದ ಜೇಮ್ಸ್ ಹಾರ್ನೆಲ್ ದಕ್ಷಿಣದ ಹರಿಗೋಲುಗಳ ರಚನೆಯನ್ನು ಕುರಿತು ಶಾಸ್ತ್ರೀಯವಾಗಿ ಬರೆದನು. ಅಂದಿನಿಂದ ಇಂದಿನವರೆಗೆ ಹೊದಿಕೆ ಬದಲಾಗಿದೆ: ಚರ್ಮದ ಸ್ಥಾನಕ್ಕೆ ಡಾಂಬರು ಬಳಿದ ಗೋಣಿಯೂ, ಗೋಣಿಯ ಸ್ಥಾನಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲಗಳೂ, ಈಗೀಗ ಇಡೀ ಹರಿಗೋಲಿನ ಸ್ಥಾನಕ್ಕೆ ಫೈಬರಿನ ಅಚ್ಚೂ ಬಂದಿವೆ. ಆಕೃತಿಯಲ್ಲಿ ಮಾತ್ರ ಹೇಳಿಕೊಳ್ಳುವಂತಹ ಬದಲಾವಣೆಯಿಲ್ಲ.

ಆ ಆಕೃತಿ ಉಳಿದು ಬಂದುದಕ್ಕೆ ಸಂಪ್ರದಾಯದ ಮೇಲಿನ ಮೋಹ ಕಾರಣವಲ್ಲ. ಲೆಕ್ಕ ಹಾಕಿದರೆ ತಿಳಿಯುತ್ತದೆ. ಐದಡಿ ವ್ಯಾಸದ ಚಪ್ಪಟೆ ತಳವುಳ್ಳ ಒಂದು ಹರಿಗೋಲಿನಲ್ಲಿ ಇಬ್ಬರು ಮನುಷ್ಯರು, ಬಲೆ, ಬುಟ್ಟಿ ಎಲ್ಲವೂ ಸೇರಿ ಒಟ್ಟು ಭಾರ ಇನ್ನೂರು ಕಿಲೋ ಆಯಿತೆನ್ನೋಣ; ಅದು ನೀರಿನಲ್ಲಿ ಇಳಿಯುವುದು ನಾಲ್ಕು ಅಂಗುಲ, ಹೆಚ್ಚೆಂದರೆ ನಾಲ್ಕೂವರೆ. ಗೇಣುದ್ದ ನೀರಿರುವ ಬಂಡೆಯ ಮೇಲೂ ಅದು ಜಾರಿಕೊಂಡು ಹೋಗಬಲ್ಲುದು. ತಳದಲ್ಲಿ ಏಣಿಲ್ಲ, ಮೂತಿಯಿಲ್ಲ, ಹಿಂದು ಮುಂದಿಲ್ಲವಾದುದರಿಂದ ಯಾವ ದಿಕ್ಕಿನಿಂದ ನೀರು ತಳ್ಳಿದರೂ ಅದಕ್ಕೆ ಒಂದೇ. ಬಿದಿರಿನ ಹೆಣಿಗೆ ಬಂಡೆಗೆ ತಾಗಿದಾಗ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಮಡು ಮುಗಿದಲ್ಲಿ ಅದನ್ನು ತಲೆಯ ಮೇಲೆ ಬೋರಲು ಹೊತ್ತು ಮುಂದಿನ ಮಡುವಿಗೆ ನಡೆಯಬಹುದು. ದಾರಿಯಲ್ಲಿ ಮಳೆ ಬಂದರೆ ಕೊಡೆಯೂ ಆಯಿತು. ಇದಕ್ಕೆಲ್ಲ ತೆರುವ ಬೆಲೆಯೆಂದರೆ ನೇರವಾಗಿ ಹೋಗಲಾರದಿರುವುದು, ಮತ್ತು ಗಾಳಿಗೆ ಬೇಗನೆ ವಶವಾಗುವುದು.

ಗಾಳಿಯ ಮಾತು ಬಂದುದರಿಂದ ಮೊದಲನೆಯ ಪ್ರಶ್ನೆಗೆ ಬರೋಣ. ಹರಿಗೋಲನ್ನು ನೋಡುವುದಕ್ಕೆ ಮುಂಚೆ ಕೊಳ್ಳುವವನು ತಾನು ಯಾವ ನೀರಿಗೆ ಇಳಿಯುವವನೆಂಬುದನ್ನು ತೀರ್ಮಾನಿಸಿಕೊಂಡಿರಬೇಕು. ಏಕೆಂದರೆ ನಮ್ಮಲ್ಲಿ ಹೊಳೆ ಎರಡಾದರೂ ನೀರಿನ ಸ್ವಭಾವ ಮೂರು ಬಗೆ. ಕೊಣನೂರು, ರಾಮನಾಥಪುರಗಳ ಕಾವೇರಿ ಇನ್ನೂ ಬಹುಮಟ್ಟಿಗೆ ಹರಿಯುವ ಹೊಳೆ. ಇಲ್ಲಿ ಬೇಕಾದುದು ಆರಡಿಯ ಆಸುಪಾಸಿನ, ಒಬ್ಬನೇ ಎತ್ತಬಲ್ಲ ಹಗುರವಾದ ಬಿದಿರಿನ ಹರಿಗೋಲು. ಎರಡನೆಯದು ಗೊರೂರಿನ ಹಿನ್ನೀರು. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟಿನ ಹಿಂದೆ ಸುಮಾರು 37 ಟಿಎಂಸಿ ನೀರು ನಿಲ್ಲುತ್ತದೆ. ಅದು ಹೆಸರಿಗೆ ಹೊಳೆಯಾದರೂ ಸ್ವಭಾವದಲ್ಲಿ ಒಂದು ಸಣ್ಣ ಕಡಲು. ಆಷಾಢದ ಗಾಳಿ ಅಡೆತಡೆಯಿಲ್ಲದೆ ಬೀಸಿದಾಗ ಅಲ್ಲೇಳುವ ಅಲೆಗಳ ಮುಂದೆ ಗೇಣಗಲದ ಅಂಚಿನ ಪುಟ್ಟ ಹರಿಗೋಲು ಎಷ್ಟು ಹೊತ್ತು ಹೋರಾಡೀತು? ಅಲ್ಲಿಗೆ ಅಗಲವೂ ಅಂಚಿನ ಎತ್ತರವೂ ಹೆಚ್ಚಾದುದೇ ಬೇಕು. ಹೊರುವ ಪ್ರಮೇಯವಿಲ್ಲವಾದುದರಿಂದ ಭಾರವಾದರೂ ಬಾಧಕವಿಲ್ಲ.

ಹಿನ್ನೀರಿಗೆ ಇನ್ನೊಂದು ಗುಣವುಂಟು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ, ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದುದು, ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ ಮುಳುಗಿದುದು ಅದೊಂದೇ ಅಲ್ಲ. ಊರುಗಳ ಗೋಡೆಗಳೂ, ಕಡಿದುಳಿದ ಮರದ ಮೋಟುಗಳೂ, ಹಳೆಯ ಬೇಲಿಕಲ್ಲುಗಳೂ ಆ ನೀರಿನ ಅಡಿಯಲ್ಲಿವೆ. ನೀರಿನ ಮಟ್ಟ ಇಳಿಯುತ್ತ ಬಂದಂತೆ, ಮೊನ್ನೆಯವರೆಗೆ ಆಳದಲ್ಲಿದ್ದ ಮೋಟು ಇಂದು ಹರಿಗೋಲಿನ ತಳಕ್ಕೆ ಎಟಕುತ್ತದೆ. ಬಂಡೆ ಉಜ್ಜುತ್ತದೆ, ಮೋಟು ಚುಚ್ಚುತ್ತದೆ. ಹಿನ್ನೀರಿನಲ್ಲಿ ದುಡಿದ ಹಳೆಯ ಹರಿಗೋಲನ್ನು ಕೊಳ್ಳುವಾಗ ತಳದ ಮಧ್ಯಭಾಗದಲ್ಲಿ ತೇಪೆಗಳು ಹೆಚ್ಚಾಗಿಯೂ, ಕಾವೇರಿಯಲ್ಲಿ ದುಡಿದುದನ್ನು ಕೊಳ್ಳುವಾಗ ತಳವೂ ಪಕ್ಕವೂ ಕೂಡುವ ಬಾಗಿನ ಸುತ್ತ ಸವೆತ ಹೆಚ್ಚಾಗಿಯೂ ಇರಬೇಕೆಂದು ನಿರೀಕ್ಷಿಸಬಹುದು. ಮಾರುವವನ ಮಾತಿಗೂ ಈ ಗುರುತುಗಳಿಗೂ ಹೊಂದಿಕೆಯಾಗದಿದ್ದರೆ, ಗುರುತುಗಳನ್ನೇ ನಂಬತಕ್ಕುದು.

ಮೂರನೆಯದು ಅಣೆಕಟ್ಟಿನ ಕೆಳಗೆ ಹೊಳೆನರಸೀಪುರವನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುವ ಹೇಮಾವತಿ. ಇಲ್ಲಿ ನೀರು ಬರುವುದೂ ನಿಲ್ಲುವುದೂ ಮಳೆಯ ಇಚ್ಛೆಯಿಂದಲ್ಲ, ತೂಬಿನ ಇಚ್ಛೆಯಿಂದ. ಆಕಾಶ ನಿರ್ಮಲವಾಗಿರುವಾಗಲೂ ಹೊಳೆ ಏರಬಹುದು. ಕಾವೇರಿಯಲ್ಲಿಯೂ ಕೂಡಿಗೆಯಲ್ಲಿ ಹಾರಂಗಿ ಬಂದು ಸೇರುವುದರಿಂದ, ಹಾರಂಗಿಯ ಜಲಾಶಯದಿಂದ ನೀರು ಬಿಟ್ಟ ಸುದ್ದಿಯನ್ನು ಕೊಣನೂರಿನವನು ಉಪೇಕ್ಷಿಸುವಂತಿಲ್ಲ.

ಈಗ ಹರಿಗೋಲನ್ನು ನೋಡೋಣ. ಅದರಲ್ಲಿ ಎರಡು ಭಾಗಗಳುಂಟು: ಬಿದಿರಿನ ಅಸ್ಥಿಪಂಜರ, ಮತ್ತು ಅದರ ಮೇಲಿನ ಹೊದಿಕೆಯೆಂಬ ಚರ್ಮ. ಕೊಳ್ಳಲು ಬಂದವರ ಕಣ್ಣು ಮೊದಲು ಹೋಗುವುದು ಚರ್ಮದ ಮೇಲೆ, ಅದು ಎಲ್ಲಿ ಹರಿದಿದೆ, ಎಲ್ಲಿ ತೇಪೆ ಹಾಕಿದೆ ಎಂಬುದರ ಮೇಲೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಚರ್ಮ ಹೇಗೂ ಬದಲಾಗುವಂತಹುದು. ಹೊಸ ಹಾಳೆ ಹೊದಿಸಿ ಡಾಂಬರು ಕಾಯಿಸಿ ಬಳಿಯುವುದು ಒಂದೆರಡು ದಿನಗಳ ಕೆಲಸ. ಅಸ್ಥಿ ಮುರಿದ ಹರಿಗೋಲಿಗೆ ಮಾತ್ರ ಚಿಕಿತ್ಸೆಯಿಲ್ಲ. ಮಧ್ಯೆ ಒಂದು ದಬ್ಬೆ ಮುರಿದರೆ ಅದನ್ನು ತೆಗೆದು ಇನ್ನೊಂದನ್ನು ತೂರಿಸುವುದು ಬಲ್ಲವನಿಗೆ ಅಸಾಧ್ಯವಲ್ಲವಾದರೂ, ಪಕ್ಕಪಕ್ಕದಲ್ಲಿ ಮೂರು ನಾಲ್ಕು ಮುರಿದಿದ್ದರೆ ಇಡೀ ಹೆಣಿಗೆಯ ಬಿಗಿ ಹೋಯಿತೆಂದೇ ಅರ್ಥ. ಆದುದರಿಂದ ಹರಿಗೋಲನ್ನು ಮೊದಲು ಒಳಗಡೆಯಿಂದ ನೋಡಬೇಕು.

ಪರೀಕ್ಷೆಗೆ ಬೇಕಾದ ಸಲಕರಣೆ ಒಂದು ದಾರದ ತುಂಡು ಮಾತ್ರ. ಬಾಯಿಯ ಅಗಲವನ್ನು ಒಂದು ಕಡೆಯಿಂದ ಅಳೆದು, ಅದೇ ದಾರವನ್ನು ಅಡ್ಡಲಾಗಿ ಹಿಡಿಯಬೇಕು. ಎರಡೂ ಸಮವಾಗಿದ್ದರೆ, ಅಥವಾ ಎರಡು ಮೂರು ಬೆರಳಿನಷ್ಟೇ ವ್ಯತ್ಯಾಸವಿದ್ದರೆ, ಅಂಚಿನ ಕಟ್ಟು ಇನ್ನೂ ಬಿಗಿಯಾಗಿದೆಯೆನ್ನಬಹುದು. ದುಂಡಗಿರಬೇಕಾದುದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಒಳಗೆ ಎಲ್ಲಿಯೋ ದಬ್ಬೆಗಳು ಸೋತಿವೆ. ಅನಂತರ ಅಂಚನ್ನು ಎರಡು ಕೈಗಳಿಂದ ಎದುರುಬದುರಾಗಿ ಹಿಡಿದು ಒತ್ತಿದರೆ, ಜೀವವುಳ್ಳ ಬಿದಿರು ಒಪ್ಪಿದಂತೆ ಮಾಡಿ ಮತ್ತೆ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ಸತ್ತ ಬಿದಿರು ಚಟಚಟನೆ ಶಬ್ದ ಮಾಡುತ್ತದೆ, ಇಲ್ಲವೆ ಶಬ್ದವೇ ಇಲ್ಲದೆ ಬಾಗಿದಲ್ಲಿಯೇ ನಿಲ್ಲುತ್ತದೆ. ಹೆಣಿಗೆಯ ಸಂದುಗಳಲ್ಲಿ ಹಳದಿಯ ನುಣ್ಣನೆಯ ಹುಡಿ ಕಂಡರೆ ಹುಳು ಹೊಕ್ಕಿದೆಯೆಂದು ತಿಳಿಯಬೇಕು; ಅಂತಹುದನ್ನು ಬಿಟ್ಟಿಯಾಗಿ ಕೊಟ್ಟರೂ ಮನೆಗೆ ತರಬಾರದು, ಏಕೆಂದರೆ ಆ ಹುಳು ಅಟ್ಟದ ಮೇಲಿನ ಬಿದಿರಿಗೂ ಹಬ್ಬೀತು. ಬಲಿತ ಬಿದಿರನ್ನು ಕಡಿದು ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಸೀಳುವ ಹಿಂದಿನವರ ಪದ್ಧತಿಗೆ ಕಾರಣವಿತ್ತು. ಹುಳುವಿಗೆ ಬೇಕಾದುದು ಬಿದಿರಿನೊಳಗಿನ ಪಿಷ್ಟ. ನೀರಿನಲ್ಲಿ ನೆನೆದ ಬಿದಿರಿನಿಂದ ಆ ಪಿಷ್ಟ ಬಹುಪಾಲು ಕರಗಿ ಹೋಗುತ್ತದೆ. ಹೆಣೆದವರು ಯಾರು, ಬಿದಿರನ್ನು ನೆನೆಹಾಕಿದ್ದರೇ ಎಂದು ಕೇಳಿದರೆ ಮಾರುವವನು ಉತ್ತರ ಕೊಡಬಲ್ಲವನಾಗಿದ್ದಲ್ಲಿ, ಅವನ ಉಳಿದ ಮಾತುಗಳಿಗೂ ಸ್ವಲ್ಪ ಬೆಲೆ ಕೊಡಬಹುದು.

ಇನ್ನು ಚರ್ಮದ ಪರೀಕ್ಷೆ. ಪುರಂದರದಾಸರು ತಮ್ಮ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಶರೀರವನ್ನು ಒಂಬತ್ತು ತೂತುಗಳ ಹರಿಗೋಲಿಗೆ ಹೋಲಿಸಿದ್ದಾರೆ. ಆ ಹರಿಗೋಲನ್ನು ನಡೆಸಲು ಅವರಿಗೆ ಸಾಕ್ಷಾತ್ ವಿಠಲನೇ ಅಂಬಿಗನಾಗಿ ದೊರೆತಿದ್ದನು. ನಮಗೆ ಆ ಭಾಗ್ಯವಿಲ್ಲವಾದುದರಿಂದ ಒಂದು ತೂತನ್ನೂ ಉಪೇಕ್ಷಿಸುವಂತಿಲ್ಲ. ಬಿಸಿಲೇರಿದ ಮೇಲೆ ಹರಿಗೋಲನ್ನು ಬೋರಲಾಗಿ ಎತ್ತಿಸಿ, ಅದರ ಕೆಳಗೆ ತಲೆಯಿಟ್ಟು ನೋಡಬೇಕು. ಒಳಗಿನ ಕತ್ತಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡಲ್ಲೆಲ್ಲ ನೀರು ಬರುತ್ತದೆ. ಹಾಗೆ ಎತ್ತುವಾಗಲೇ ಭಾರವನ್ನೂ ಅಂದಾಜು ಮಾಡಿಬಿಡಬಹುದು: ವರ್ಷವರ್ಷವೂ ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಬಳಿಯುತ್ತ ಬಂದಿದ್ದರೆ, ಗಾತ್ರದಲ್ಲಿ ಚಿಕ್ಕದಾದ ಹರಿಗೋಲೂ ಇಬ್ಬರ ಕೈ ಸೋಲಿಸುತ್ತದೆ. ಡಾಂಬರು ಬಿಸಿಲಿನಲ್ಲಿ ಮೆತ್ತಗಾಗಿ ಚಳಿಯಲ್ಲಿ ಬಿರಿಯುವ ಪದಾರ್ಥ. ದಪ್ಪವಾಗಿ ಬಳಿದಷ್ಟೂ ಬಿರುಕು ಹೆಚ್ಚು.

ನಿನ್ನೆ ಮೊನ್ನೆ ಡಾಂಬರು ಬಳಿದು ಮಿರಮಿರನೆ ಹೊಳೆಯುತ್ತಿರುವ ಹರಿಗೋಲನ್ನು ಕಂಡರೆ ಕೊಳ್ಳುವವನು ಸಂತೋಷಪಡುವ ಬದಲು ಶಂಕಿಸಬೇಕು. ‘ಈಗ ತಾನೇ ಟಾರು ಹಾಕ್ಸಿದ್ದೀನಿ ಸಾರ್, ಇನ್ನೆರಡು ವರ್ಷ ಮುಟ್ಟೋ ಹಂಗಿಲ್ಲ’ ಎಂಬುದು ಮಾರುವವರ ಬಾಯಿಯಲ್ಲಿ ಸಾಮಾನ್ಯವಾದ ಮಾತು. ಮದುವೆಗೆ ಮುನ್ನ ಸುಣ್ಣ ಬಳಿಸಿದ ಗೋಡೆಯಂತೆ, ಆ ಹೊಳಪಿನ ಅಡಿಯಲ್ಲಿ ಏನಿದೆಯೆಂಬುದು ಮೊದಲನೆಯ ಮಳೆಗಾಲದ ವರೆಗೆ ಗೊತ್ತಾಗುವುದಿಲ್ಲ. ಬಣ್ಣಗೆಟ್ಟ, ತೇಪೆ ಬಿದ್ದ, ಆದರೆ ನಿತ್ಯವೂ ನೀರಿಗಿಳಿಯುತ್ತಿರುವ ಹರಿಗೋಲನ್ನೇ ನಾನು ಮೆಚ್ಚುತ್ತೇನೆ. ಅದರ ದೋಷಗಳೆಲ್ಲ ಕಣ್ಣಿಗೆ ಕಾಣುವಂತಿವೆ. ಕೊಳ್ಳುವ ದಿನ ಬೆಳಿಗ್ಗೆ ಅದನ್ನು ನೀರಿನಲ್ಲಿ ಬಿಟ್ಟು ಒಂದು ಗಂಟೆಯಾದರೂ ಕಾದು, ಒಳಗೆ ಎಷ್ಟು ನೀರು ಸೇರಿತೆಂದು ನೋಡಿ ಬೆಲೆ ಮಾತಾಡುವುದು ಒಳ್ಳೆಯದು. ಈ ಒಂದು ಗಂಟೆಯನ್ನು ಕೊಡಲೊಪ್ಪದ ಮಾರಾಟಗಾರನ ಬಳಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ಫೈಬರಿನ ಹರಿಗೋಲಿನ ವಿಷಯ ಬೇರೆ. ಅದಕ್ಕೆ ಹುಳು ಹೊಡೆಯುವುದಿಲ್ಲ, ಡಾಂಬರು ಬೇಕಾಗಿಲ್ಲ, ಹಿನ್ನೀರಿನಲ್ಲಿ ಅದು ನಿಸ್ಸಂಶಯವಾಗಿ ಉಪಯುಕ್ತ. ಆದರೆ ಅದು ಬಾಗುವುದಿಲ್ಲ. ಬಂಡೆಗೆ ತಾಗಿದರೆ ಒಳಪದರಗಳು ಒಂದನ್ನೊಂದು ಬಿಟ್ಟು ಸಡಿಲವಾಗುತ್ತವೆ, ಹೊರಗೆ ಕೂದಲೆಳೆಯಷ್ಟು ಗೀರು ಮಾತ್ರ ಕಾಣುತ್ತದೆ. ನಾಣ್ಯವೊಂದನ್ನು ಹಿಡಿದು ತಳದುದ್ದಕ್ಕೂ ತಟ್ಟುತ್ತ ಹೋದರೆ, ಗಟ್ಟಿಯಾದ ಕಡೆ ಟಣಟಣನೆಯೂ, ಪದರ ಬಿಟ್ಟ ಕಡೆ ಮಂಕಾಗಿಯೂ ಸದ್ದು ಬರುತ್ತದೆ. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದ ಫೈಬರನ್ನು ಕೈಯಿಂದ ಉಜ್ಜಿದರೆ ಸುಣ್ಣದ ಹುಡಿಯಂತಹುದು ಅಂಟುತ್ತದೆ; ಗಾಜಿನ ನೂಲು ಹೊರಗೆ ಕಾಣುತ್ತಿದ್ದರೆ ಆ ನೂಲಿನ ಗುಂಟವೇ ನೀರು ಒಳಗೆ ಇಳಿಯುತ್ತದೆ. ಇದನ್ನು ರಾಳ ಮತ್ತು ಫೈಬರ್ ಹಾಸಿನಿಂದ ಸರಿಪಡಿಸಬಹುದಾದರೂ, ಕೆಲಸ ಬಲ್ಲವರು ಸಿಕ್ಕುವುದು ಊರಿನಲ್ಲಿ ಅಲ್ಲ, ಪೇಟೆಯಲ್ಲಿ. ಅಲ್ಲಿಗೆ ಸಾಗಿಸುವ ಖರ್ಚನ್ನೂ ಬೆಲೆಯಲ್ಲಿ ಕಳೆಯಬೇಕು.

ಫೈಬರಿನ ಹರಿಗೋಲಿಗೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವುಂಟು. ಮೀನುಗಾರಿಕೆ ಇಲಾಖೆಯವರು ತಮ್ಮ ಯೋಜನೆಗಳಲ್ಲಿ ಒಳನಾಡಿನ ಮೀನುಗಾರರಿಗೆ ಇಂತಹ ಹರಿಗೋಲುಗಳನ್ನು ಹಂಚಿದ್ದಾರೆ. ವೃತ್ತಿಯವರ ಹೊಟ್ಟೆಪಾಡಿಗೆಂದು ಸಾರ್ವಜನಿಕರ ಹಣದಿಂದ ಬಂದುದು ಹವ್ಯಾಸಿಯ ಭಾನುವಾರದ ವಿನೋದಕ್ಕೆ ಕೈಬದಲಾಗುವುದು, ಕಾನೂನಿನ ಮಾತನ್ನು ಆಚೆಗಿಟ್ಟರೂ, ನ್ಯಾಯವಾಗಿ ತೋರುವುದಿಲ್ಲ. ಅಗ್ಗವೆಂಬ ಕಾರಣಕ್ಕೆ ಅದರ ಮೂಲವನ್ನು ವಿಚಾರಿಸದೆ ಕೊಳ್ಳಬಾರದು.

ಕಾಲವನ್ನು ನೋಡಿಯೂ ಬೆಲೆ ಬದಲಾಗುತ್ತದೆ. ದೀಪಾವಳಿ ಕಳೆದು ಹೊಳೆ ಇಳಿದು ನೀರು ತಿಳಿಯಾದ ಮೇಲೆ ಹರಿಗೋಲು ಬೇಕಾದವರು ಹೆಚ್ಚು, ಮಾರುವವರು ಕಡಿಮೆ. ಜ್ಯೇಷ್ಠ ಆಷಾಢಗಳಲ್ಲಿ ಹೊಳೆ ಕೆಂಪಾಗಿ ಏರತೊಡಗಿದಾಗ ಕೊಳ್ಳುವವರೇ ಇರುವುದಿಲ್ಲ. ಮಿತವ್ಯಯಿಯಾದವನು ಮಳೆಗಾಲದ ಮೊದಲಲ್ಲಿ ಕೊಳ್ಳುವುದೇ ಲಾಭವೆಂದು ಎಣಿಸಬಹುದು. ಆದರೆ ಆಗ ಕಾವೇರಿಯಲ್ಲಿ ಅದನ್ನು ಬಿಟ್ಟು ನೋಡುವ ಹಾಗಿಲ್ಲ, ಮತ್ತು ಕೊಂಡು ತಂದುದನ್ನು ನಾಲ್ಕು ತಿಂಗಳು ನೆರಳಿನಲ್ಲಿ, ನೆಲದಿಂದ ಮೇಲೆತ್ತಿ, ಗೆದ್ದಲು ಹತ್ತದಂತೆ ಕಾಯಬೇಕು. ನೋಡತಕ್ಕುದನ್ನೆಲ್ಲ ಚೈತ್ರ ವೈಶಾಖಗಳಲ್ಲಿಯೇ, ಮಾರುವವನು ಇನ್ನೂ ಅದರಲ್ಲಿ ದುಡಿಯುತ್ತಿರುವಾಗಲೇ, ನೋಡಿಟ್ಟುಕೊಂಡು, ಹಣವನ್ನು ಮಳೆ ಹಿಡಿದ ಮೇಲೆ ಕೊಡುವುದು ಎರಡೂ ಲಾಭಗಳನ್ನು ಕೂಡಿಸುವ ಉಪಾಯ. ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚಿಗೆ ಕೇಳಿದರೆ ಹೊಸದನ್ನೇ ಹೆಣೆಸುವುದು ಮೇಲೆಂಬುದು ನನ್ನ ಎಣಿಕೆ. ಹೆಣೆಯುವವರಿಗೂ ಕೆಲಸ ಸಿಕ್ಕಂತಾಗುತ್ತದೆ.

ಹರಿಗೋಲು ಕೈಗೆ ಬಂದ ಮಾತ್ರಕ್ಕೆ ಹೊಳೆಯೆಲ್ಲ ತನ್ನದಾಯಿತೆಂದು ತಿಳಿಯುವುದು ಇನ್ನೊಂದು ಭ್ರಮೆ. ಜಲಾಶಯದಲ್ಲಿ ಮೀನು ಹಿಡಿಯಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ಹಳೆಯ ಹರಿಗೋಲಿನ ಜೊತೆಗೆ ಮಾರುವವನ ಲೈಸೆನ್ಸ್ ತಾನಾಗಿ ಬರುವುದಿಲ್ಲ. ಸಿಡಿಮದ್ದು ಹಾಕಿಯೋ ವಿಷ ಬೆರೆಸಿಯೋ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ ತನ್ನದೇ ಆದ ರೆಗ್ಯುಲೇಷನ್ನನ್ನು ಮಾಡಿತು. ಆಷಾಢ ಶ್ರಾವಣಗಳ ಹೊಸನೀರಿನಲ್ಲಿ ಮೀನು ಮೊಟ್ಟೆಯಿಡುವುದಕ್ಕಾಗಿ ಪ್ರವಾಹಕ್ಕೆದುರಾಗಿ ಏರುತ್ತದೆ. ಆಗ ಹಿಡಿದುದು ಒಂದು ಮೀನಾದರೂ ಕಳೆದುದು ಸಂತತಿ. ಹರಿಗೋಲು ಬೋರಲಾಗಿಯೇ ಇರತಕ್ಕ ಕಾಲ ಅದು.

ರಾಮನಾಥಪುರದಲ್ಲಿ ಮಾತ್ರ ಯಾವ ಕಾಲದಲ್ಲಿಯೂ ಗಾಳಕ್ಕೆ ಎಡೆಯಿಲ್ಲ. ಅಲ್ಲಿಯ ವಹ್ನಿ ಪುಷ್ಕರಿಣಿಯ ಮೀನುಗಳು ದೇವರ ಮೀನುಗಳು. ಯಾತ್ರಿಕರು ಎಸೆಯುವ ಪುರಿಗೆ ಅವು ಗುಂಪುಗಟ್ಟಿ ಬರುತ್ತವೆ. ಕಾವೇರಿಯ ಮಹಶೀರ್ ಜಾತಿಗೆ ಇಂತಹ ನೆಲೆಗಳು ಎಷ್ಟು ಅವಶ್ಯಕವೆಂಬುದು ಈಚಿನ ಸಂಶೋಧನೆಯಿಂದ ತಿಳಿದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಾವೇರಿಯ ಉಪನದಿಯಾದ ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ, ತೂಗುವ ಮಹಶೀರನ್ನು ಗಾಳದಿಂದ ಹಿಡಿದಿದ್ದರು. ಬೆನ್ನು ಉಬ್ಬಿದ ಆ ದೈತ್ಯಜಾತಿಯೇ ಬೇರೆಯದೆಂದು ನಿಶ್ಚಯಿಸಿ ವಿಜ್ಞಾನಿಗಳು ಅದಕ್ಕೆ ಟಾರ್ ರೇಮದೇವಿ ಎಂಬ ಶಾಸ್ತ್ರೀಯ ನಾಮವನ್ನು ಗೊತ್ತುಮಾಡಿದುದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಸೇರಿತು. ಹೆಸರು ಬಂದ ವರ್ಷವೇ ಆಪತ್ತಿನ ಪಟ್ಟಿಗೂ ಬಂದ ಮೀನು! ಕಾವೇರಿಯಲ್ಲಿ ಎಲ್ಲಿಯಾದರೂ ಮಹಶೀರು ಗಾಳಕ್ಕೆ ಬಿದ್ದರೆ ಅದನ್ನು ನೀರಿನೊಳಗೇ ಬಿಡಿಸಿ ಕಳುಹಿಸುವುದು ವಿಹಿತ. ಹರಿಗೋಲಿನ ಅಂಚು ತಗ್ಗಾಗಿರುವುದು ಈ ಕೆಲಸಕ್ಕೆ ಅನುಕೂಲವೇ ಆಯಿತು.

ಅಣೆಕಟ್ಟೆಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಲೇಬೇಕು. ಕಟ್ಟೆಯ ಮೇಲಿಂದ ಉಕ್ಕಿ ಬಿದ್ದ ನೀರು ಬುಡದಲ್ಲಿ ಉರುಳಿ ಮತ್ತೆ ಕಟ್ಟೆಯ ಕಡೆಗೇ ತಿರುಗುತ್ತದೆ. ಆ ತಿರುವಿನೊಳಗೆ ಸಿಕ್ಕಿದ ಹರಿಗೋಲಾಗಲಿ ಮನುಷ್ಯನಾಗಲಿ ಕೆಳಕ್ಕೆ ತೇಲಿ ಹೋಗದೆ ಅಲ್ಲಿಯೇ ಸುತ್ತುತ್ತಿರಬೇಕಾಗುತ್ತದೆ; ಈಜು ಬಲ್ಲವನೂ ಅಲ್ಲಿ ನಿರುಪಾಯ. ಮೇಲುಗಡೆಯಿಂದ ನೋಡಿದರೆ ನೀರು ಕನ್ನಡಿಯಷ್ಟು ನಯವಾಗಿ ಕಾಣುವುದರಿಂದಲೇ ಅಪಾಯ ಹೆಚ್ಚು. ಕಟ್ಟೆಯ ಎರಡು ಬದಿಗಳಿಂದಲೂ ದೂರವಿರತಕ್ಕುದು. ಲೈಫ್ ಜಾಕೆಟ್ಟನ್ನು ಕುಳಿತುಕೊಳ್ಳುವ ಮೆತ್ತೆಯಾಗಿ ಬಳಸುವವರನ್ನು ಕಂಡಿದ್ದೇನೆ. ಮಗುಚಿದ ಹರಿಗೋಲಿನ ಕೆಳಗೆ ಅದನ್ನು ಹುಡುಕಿ ತೊಡಲು ವ್ಯವಧಾನವಿರುವುದಿಲ್ಲ. ಹರಿಗೋಲು ಮಗುಚುವುದು ಹೆಚ್ಚಾಗಿ ಅಲೆಯಿಂದಲ್ಲ, ಮೀನು ಬಿದ್ದ ಬಲೆಯನ್ನೆಳೆಯಲು ಇಬ್ಬರೂ ಒಂದೇ ಅಂಚಿಗೆ ಬಾಗುವುದರಿಂದ.

ಕಡೆಯದಾಗಿ ಹುಟ್ಟಿನ ಮಾತು. ಕೊಳ್ಳುವವರು ಹರಿಗೋಲನ್ನು ಅಷ್ಟೆಲ್ಲ ಪರೀಕ್ಷಿಸಿ ಹುಟ್ಟನ್ನು ಮರೆತು ಬರುತ್ತಾರೆ. ಮನೆಗೆ ಬಂದ ಮೇಲೆ ಬಡಗಿಯಿಂದ ಹೊಸದನ್ನು ಮಾಡಿಸಿದರೆ ಅದು ಭಾರವಾಗಿಯೋ ಗಿಡ್ಡವಾಗಿಯೋ ಇರುತ್ತದೆ. ಆ ಹರಿಗೋಲಿನ ಜೊತೆಯಲ್ಲಿ ದುಡಿದ, ಹಿಡಿಯ ಜಾಗ ಕೈಯುಜ್ಜಿ ನುಣುಪಾದ ಹುಟ್ಟನ್ನೇ ಬೆಲೆಯೊಳಗೆ ಸೇರಿಸಿ ಕೇಳಬೇಕು. ಮಾರುವವನು ಹರಿಗೋಲಿನ ಮುಂದಿನ ಅಂಚಿನಲ್ಲಿ ಕುಳಿತು ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಎಳೆತ ಎಡಕ್ಕೂ ಬಲಕ್ಕೂ ಸ್ವಲ್ಪ ಓಲಾಡುತ್ತ ಎಂಟರ ಅಂಕಿಯಂತೆ ಸಾಗುವುದರಿಂದ ಹರಿಗೋಲು ಸುತ್ತದೆ ಮುಂದಕ್ಕೆ ಹೋಗುತ್ತದೆ. ದೋಣಿಯ ಹುಟ್ಟಿನಂತೆ ಪಕ್ಕಕ್ಕೆ ಹಾಕಿದವನಿಗೆ ಸಿಕ್ಕುವುದು ಪಾಯೆಸನು ಕಂಡ ಪ್ರದಕ್ಷಿಣೆ ಮಾತ್ರ. ಇದನ್ನು ಬರೆದು ತಿಳಿಸುವುದು ಸಾಧ್ಯವಿಲ್ಲ. ಪಕ್ಕದಲ್ಲಿ ಕುಳಿತು ಕಲಿಯಬೇಕು. ಅಂಗಡಿಯಿಂದ ತಂದ ಹೊಸ ಫೈಬರಿಗಿಲ್ಲದ, ಹಿತ್ತಿಲಿನ ಹಳೆಯ ಬಿದಿರಿಗೆ ಮಾತ್ರ ಇರುವ ಅನುಕೂಲವೆಂದರೆ, ಅದರ ಜೊತೆಗೆ ಅದನ್ನು ಬಲ್ಲ ಮನುಷ್ಯನೊಬ್ಬನು ಇರುತ್ತಾನೆ ಎಂಬುದು. ಒಂದಷ್ಟು ದಿನ ಬೆಳಿಗ್ಗೆ ಹೊತ್ತು ಜೊತೆಯಲ್ಲಿ ಬಂದು ಹುಟ್ಟು ಹಾಕುವುದನ್ನು ಹೇಳಿಕೊಡಬೇಕೆಂಬುದನ್ನೂ ವ್ಯಾಪಾರದ ಮಾತಿನಲ್ಲಿ ಸೇರಿಸಿ, ಬೆಲೆಯ ಕೊನೆಯ ಭಾಗವನ್ನು ಆ ಪಾಠ ಮುಗಿದ ಮೇಲೆ ಕೊಡುವುದಾಗಿ ಒಪ್ಪಿಸಿಕೊಂಡರೆ, ಇಬ್ಬರಿಗೂ ನಷ್ಟವಿಲ್ಲ.